ರೆಪ್ಪೆ ಬಡಿಯದೆ ನೋಡಿದ ಮಂಗಳ

ಕಲ್ಲೋಳಿಯ ಆ ಮಾಳಿಗೆಯ ಮೇಲೆ ನಿಂತು ಮಂಗಳನಲ್ಲಿ ನಾನು ಗೆರೆ ಕಂಡೆನೋ ಇಲ್ಲವೋ ಇವತ್ತಿಗೂ ಖಚಿತವಿಲ್ಲ. ಕಂಡೆ ಎಂದು ಕೆಲವು ವರ್ಷ ಹೇಳಿಕೊಂಡು ತಿರುಗಿದೆ, ಕಾಣಲಿಲ್ಲ ಎಂದು ಇನ್ನು ಕೆಲವು ವರ್ಷ. ಹೇಳಿದ ಹಾಗೆಲ್ಲ ನೆನಪು ಆ ಕಡೆಗೇ ವಾಲುತ್ತಿತ್ತು. ಇದನ್ನು ಓದುವವರು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಿದರೆ ಒಳ್ಳೆಯದು.

ಹತ್ತೊಂಬತ್ತು ನೂರಾ ಇಪ್ಪತ್ತರ ದಶಕದ ನಡುವಿನ ಮಾತು. ಪುಣೆಯಲ್ಲಿ ಬಿ.ಎಸ್‌ಸಿ. ಮುಗಿಸಿ, ಒಂದು ನೌಕರಿ ಹಿಡಿದು, ಅದು ಹಿಡಿಸದೆ ಬಿಟ್ಟು, ಇನ್ನೊಂದಕ್ಕೆ ಕಾಯುತ್ತ ಗೋಕಾಕದಲ್ಲಿ ಮನೆಯವರ ಕಣ್ಣಿಗೆ ಭಾರವಾಗಿ ಕುಳಿತಿದ್ದೆ. ಮಂಗಳ ಗ್ರಹ ಭೂಮಿಗೆ ತೀರ ಹತ್ತಿರ ಬಂದು ಹೋದ ವರ್ಷ ಅದು. ದಸರೆಯ ಹೊತ್ತಿಗೂ ಮನೆಮನೆಯಲ್ಲಿ ದೀಪ ಹಚ್ಚುವಾಗ ಅದು ಕೆಂಪಗೆ ಮೇಲೇರಿ ನಿಂತಿರುತ್ತಿತ್ತು. ನನಗೆ ಅಕ್ಷರ ಕಲಿಸಿದ ಮಾಸ್ತರರು ನಿವೃತ್ತರಾಗಿ ತಮ್ಮ ಊರಾದ ಕಲ್ಲೋಳಿಗೆ ಹೋಗಿ ನೆಲೆಸಿದ್ದರು. ಸಂತೆಗೆ ಬಂದವರ ಕೈಯಲ್ಲಿ ಹೇಳಿ ಕಳಿಸಿದರು: ನನ್ನ ಕಣ್ಣು ಮಂಜಾಗ್ಯಾವ, ನಿನ್ನ ಕಣ್ಣು ಬೇಕಾಗ್ಯಾವ, ಬಾ.

ಅವರ ಹತ್ತಿರ ಒಂದು ಹಿತ್ತಾಳೆಯ ದುರ್ಬೀನು ಇತ್ತು. ಕಾಲುವೆ ಖಾತೆಯ ಯಾರೋ ಸಾಹೇಬ ಊರು ಬಿಡುವಾಗ ಮಾರಿ ಹೋದದ್ದು. ಅದರಲ್ಲಿ ಅವರು ಬಹಳ ವರ್ಷಗಳಿಂದ ಮಂಗಳನನ್ನು ನೋಡುತ್ತಿದ್ದರು. ಮಂಗಳನ ಮೇಲೆ ಉದ್ದುದ್ದ ಗೆರೆಗಳಿವೆ, ಅವು ಅಲ್ಲಿನ ಜೀವಿಗಳು ತೋಡಿದ ಕಾಲುವೆಗಳು ಎಂಬ ಮಾತು ಆಗ ಪತ್ರಿಕೆಗಳಲ್ಲಿ ಬರುತ್ತಿತ್ತು. ಪಂಡಿತರಲ್ಲಿ ಬಹಳ ಜನ ಅದನ್ನು ಬಿಟ್ಟುಕೊಟ್ಟಾಗಿತ್ತು. ಮಾಸ್ತರರು ಬಿಟ್ಟಿರಲಿಲ್ಲ, ಏಕೆಂದರೆ ಅವರು ಗೆರೆಗಳನ್ನು ಸ್ವತಃ ಕಂಡಿದ್ದರು. ಇನ್ನೊಂದು ಕಾರಣ ನಮ್ಮ ಸೀಮೆಯದು. ಧೂಪದಾಳದ ಒಡ್ಡಿನಿಂದ ಕಾಲುವೆಗೆ ಮೊದಲ ಸಲ ನೀರು ಬಿಟ್ಟಾಗ ಅವರು ಹರೆಯದವರು. ಗುಡ್ಡ ಹತ್ತಿ ನೋಡಿದರೆ ನೀರು ಕಾಣುವುದಿಲ್ಲ. ಒಣ ನೆಲದ ನಡುವೆ ದಂಡೆಗುಂಟ ಹಸಿರು ಮಾತ್ರ ಗೆರೆ ಎಳೆದಂತೆ ಕಾಣುತ್ತದೆ. ಅಂಥ ಗೆರೆ ಎಲ್ಲಿ ಕಂಡರೂ ಅಲ್ಲಿ ಗುದ್ದಲಿ ಹಿಡಿದವರು ಇದ್ದಾರೆ ಎಂಬುದು ಅವರ ಲೆಕ್ಕ.

ಆ ನವರಾತ್ರಿಯಲ್ಲಿ ಹುಕ್ಕೇರಿಯ ಒಂದು ಮಠದ ಅಂಗಳದಲ್ಲಿ ಇದೇ ವಿಷಯ ಮಾತನಾಡಲು ಅವರು ಒಪ್ಪಿಕೊಂಡಿದ್ದರು. ಕಲಿಸಿದ ಹುಡುಗರೆಲ್ಲ ವಕೀಲರು, ವ್ಯಾಪಾರಿಗಳು ಆಗಿ ಎದುರು ಕೂಡುವವರು. ಕಣ್ಣು ಮಂಜಾದ ಮುದುಕ ಏನೇನೋ ಕಂಡ ಎಂದು ಅವರು ನಗಬಾರದು. ಅದಕ್ಕೆ ಇನ್ನೊಬ್ಬನ, ಅದೂ ವಿಜ್ಞಾನ ಓದಿದವನ ಸಾಕ್ಷಿ ಬೇಕಾಗಿತ್ತು.

ನಾನು ಹೋದ ಸಂಜೆ ಅವರ ಹೆಂಡತಿಯ ತಮ್ಮನೂ ಬಂದಿದ್ದರು. ಮೂಡಲಗಿಯಲ್ಲಿ ಬೆಲ್ಲದ ವ್ಯಾಪಾರ, ಎತ್ತಿನ ಗಾಡಿಗಳಲ್ಲಿ ಘಟ್ಟದ ಕೆಳಗಿನವರೆಗೂ ಬೆಲ್ಲ ಕಳಿಸುತ್ತಿದ್ದವರು. ಅಕ್ಕನ ಗಂಡನನ್ನು ಕಾಡುವುದೆಂದರೆ ಅವರಿಗೆ ಹಬ್ಬ.

"ಮಾಮಾರ, ಅಷ್ಟು ಶಾಣ್ಯಾ ಮಂದಿ ಅಲ್ಲಿದ್ರ ಒಮ್ಮೆರ ನಮ್ಮ ಮೂಡಲಗಿ ಸಂತಿಗೆ ಯಾಕ ಬಂದಿಲ್ರಿ? ಅವರಿಗೆ ಬೆಲ್ಲ ಸೇರೂದಿಲ್ಲೇನು?"

ಮಾಸ್ತರರು ನನ್ನ ಮುಖ ನೋಡಿದರು. ಮಂಗಳನ ಮಾತು ಬಿಡಿ, ಅದು ನಮ್ಮ ಓಣಿಯದೇ ಮನೆ ಎಂದೆ. ಜೀವಿಗಳು ಇರುವ ಸಂಭವ ಹೆಚ್ಚು ಇರುವುದು ಆಚೆಯ ನಕ್ಷತ್ರಗಳ ಸುತ್ತ, ಅವು ಲೆಕ್ಕವಿಲ್ಲದಷ್ಟು ಇವೆ. ತೊಂದರೆ ಇರುವುದು ದಾರಿಯಲ್ಲಿ. ಬೆಲ್ಲದ ವ್ಯಾಪಾರಿಗೆ ಅವರ ಗಾಡಿಯದೇ ಉದಾಹರಣೆ ಕೊಟ್ಟೆ. ದಾರಿಯಲ್ಲಿ ಹುಲ್ಲಿಲ್ಲ, ನೀರಿಲ್ಲ ಎಂದುಕೊಳ್ಳಿ. ಎತ್ತಿನ ಮೇವನ್ನು ಗಾಡಿಯಲ್ಲೇ ಹೇರಬೇಕು. ದೂರ ಹೆಚ್ಚಾದಷ್ಟೂ ಮೇವು ಹೆಚ್ಚು. ಮೇವು ಎಳೆಯಲು ಇನ್ನೊಂದು ಜೋಡಿ ಎತ್ತು, ಆ ಜೋಡಿಗೆ ಮತ್ತೆ ಮೇವು.

ಅವರು ಸ್ವಲ್ಪ ಯೋಚಿಸಿ, "ಹಂಗಾರ ಬೆಲ್ಲ ಎಲ್ಲಿಡೂದು?" ಎಂದರು.

ಬೆಲ್ಲ ಇಡಲು ಜಾಗವಿಲ್ಲ, ಅದೇ ನನ್ನ ಮಾತು ಎಂದೆ. ಮಾಸ್ತರರು, ಬೆಲ್ಲ ಕಳಿಸದಿದ್ದರೂ ಸುದ್ದಿ ಕಳಿಸಬಹುದಲ್ಲ ಎಂದು ಕೇಳಿದರು. ಬೆಳಕಿನಲ್ಲಿ ಕಳಿಸಬಹುದು, ಆದರೆ ತೀರ ಸಮೀಪದ ನಕ್ಷತ್ರಕ್ಕೂ ಬೆಳಕು ಮುಟ್ಟಲು ನಾಲ್ಕು ವರ್ಷದ ಮೇಲೆ ಬೇಕು, ಉತ್ತರಕ್ಕೆ ಮತ್ತೆ ಅಷ್ಟು ಎಂದೆ. ಅವರು ತಮ್ಮ ವಯಸ್ಸನ್ನು ಅದಕ್ಕೆ ಕೂಡಿಸುತ್ತಿದ್ದಾರೆ ಎಂದು ನನಗೆ ಅನ್ನಿಸಿತು. ಆಗ ಅನ್ನಿಸಿತೋ, ಈಗ ಬರೆಯುವಾಗ ಅನ್ನಿಸುತ್ತಿದೆಯೋ ಹೇಳಲಾರೆ.

ಕತ್ತಲಾದ ಮೇಲೆ ಹತ್ತಿದಾಗ ಮಾಳಿಗೆಯ ಮಣ್ಣು ಇನ್ನೂ ಹಗಲಿನ ಬಿಸಿಲಿಗೆ ಬೆಚ್ಚಗಿತ್ತು. ದುರ್ಬೀನನ್ನು ಕಟ್ಟಿಗೆಯ ಮೂರು ಕಾಲಿನ ಮೇಲೆ ಕೂಡಿಸಿದ್ದರು. ಮೊದಲ ಸಲ ಕಣ್ಣಿಟ್ಟಾಗ ನನಗೆ ಕಂಡದ್ದು ನಡುಗುವ ಒಂದು ಕೆಂಪು ಚುಕ್ಕೆ, ಅಷ್ಟೇ. ಹಾಗೇ ಹೇಳಿದೆ.

"ಹಂಗ ನೋಡಿದ್ರ ಕಾಣೂದಿಲ್ಲ ತಮ್ಮಾ. ಪೂಜಾಕ ಕುಂತಂಗ ನೋಡು. ರೆಪ್ಪಿ ಬಡಿಬ್ಯಾಡ."

ನಮ್ಮ ಮನೆಗಳಲ್ಲಿ ಸ್ನಾನವಾದ ಮೇಲೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ರೆಪ್ಪೆ ಅಲುಗಿಸದೆ ಅದನ್ನೇ ನೋಡುತ್ತ ಕೂಡುವುದು ಚಿಕ್ಕಂದಿನಿಂದ ಬಂದ ರೂಢಿ. ಮಾಸ್ತರರು ಅದರಲ್ಲಿ ಪಳಗಿದವರು. ಅವರು ಕುಳಿತರೆ ಎದುರಿಗೆ ಬೆಕ್ಕು ಹಾಯ್ದರೂ ಕಣ್ಣು ಕದಲುತ್ತಿರಲಿಲ್ಲ. ನಾನು ಹಾಗೇ ನೋಡಿದೆ. ಕಣ್ಣಲ್ಲಿ ನೀರು ಬಂತು. ಆಮೇಲೆ, ನನ್ನ ಒಂದು ನೆನಪಿನ ಪ್ರಕಾರ, ಚುಕ್ಕೆಯ ಮೇಲೆ ಕೂದಲಿನಷ್ಟು ಸಣ್ಣ ಗೆರೆ ಮೂಡಿತು, ಅದನ್ನು ಅಡ್ಡ ಹಾಯುವ ಇನ್ನೊಂದು ಮೂಡಿತು. ಇನ್ನೊಂದು ನೆನಪಿನ ಪ್ರಕಾರ ಏನೂ ಮೂಡಲಿಲ್ಲ, ಮಾಸ್ತರರ ಉಸಿರು ಕಿವಿಯ ಹತ್ತಿರ ಕಾಯುತ್ತಿದ್ದುದರಿಂದ ನಾನು ಹೂಂ ಅಂದೆ. ಎರಡರಲ್ಲೂ ಹೂಂ ಅಂದದ್ದು ಮಾತ್ರ ಇದೆ.

ಅವರು ಕೆಳಗಿಳಿದು ಹೆಂಡತಿಗೆ, ಇವನಿಗೂ ಕಂಡುವು ಎಂದು ಹೇಳಿದರು. ಆ ರಾತ್ರಿ ಊಟಕ್ಕೆ ಹೋಳಿಗೆ ಇತ್ತು. ಬೆಲ್ಲದ ವ್ಯಾಪಾರಿಗಳು ಕಾಡುವುದನ್ನು ನಿಲ್ಲಿಸಿ, ಕಾಲುವೆ ತೋಡಿದವರು ನೀರಿನ ಪಾಳಿ ಹೇಗೆ ಹಂಚುತ್ತಾರೋ, ನಮ್ಮವರ ಹಾಗೆ ದಂಡೆ ಒಡೆದುಕೊಂಡು ಬಡಿದಾಡುತ್ತಾರೋ ಎಂದು ವಿಚಾರಿಸಿದರು.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಬಂದಾಗ ಮಾಸ್ತರರು ತಮ್ಮ ಪಕ್ಕದಲ್ಲಿ ನನಗೂ ಮಣೆ ಹಾಕಿಸಿದ್ದರು. ಅವರ ಮನೆಯಲ್ಲಿ ಪೂಜೆಯಾಗದೆ ರೊಟ್ಟಿ ಮುಟ್ಟುವಂತಿರಲಿಲ್ಲ. ಕೊರಳಲ್ಲಿ ಲಿಂಗ ಇತ್ತು, ಪೂಜೆ ಮಾತ್ರ ಪುಣೆಯಲ್ಲಿ ಬಿಟ್ಟುಹೋಗಿತ್ತು. ಹಸಿವೆಯಾಗಿತ್ತು, ಕುಳಿತೆ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ನೋಡತೊಡಗಿದೆ. ನಯವಾದ ಕಪ್ಪು ಮೈ, ಅದರ ಮೇಲೆ ಸಣ್ಣ ಬೆಳಕು. ಕಣ್ಣಲ್ಲಿ ನೀರು ಬಂತು. ಆಮೇಲೆ ಒಂದು ಗೆರೆ ಮೂಡಿತು. ಅದನ್ನು ಅಡ್ಡ ಹಾಯುವ ಇನ್ನೊಂದು. ಇದರ ಬಗ್ಗೆ ನನಗೆ ಸಂಶಯವಿಲ್ಲ, ಏಕೆಂದರೆ ಇದನ್ನು ನಾನು ಆಮೇಲೆ ಎಷ್ಟೋ ಸಲ ಮಾಡಿ ನೋಡಿದ್ದೇನೆ. ರೆಪ್ಪೆ ಬಡಿದರೆ ಗೆರೆಗಳು ಹೋಗುತ್ತವೆ.

ಇಲ್ಲಿಂದ ಮುಂದೆ ಮತ್ತೆ ಎರಡು ದಾರಿ. ರೊಟ್ಟಿಯ ಮುಂದೆ ಕುಳಿತಾಗ ಇದನ್ನು ನಾನೇ ಅವರಿಗೆ ಹೇಳಿದೆ ಎಂದು ನನಗೆ ಅನ್ನಿಸುತ್ತದೆ. ಆದರೆ ನನ್ನ ತಟ್ಟೆಗೆ ಮೊಸರು ಹಾಕಿಸುತ್ತ ಅವರೇ ಮೊದಲು, ಲಿಂಗದ ಮ್ಯಾಲೂ ಕಾಣತಾವ ಹೌದಲ್ಲೋ ಎಂದು ಕೇಳಿದಂತೆಯೂ ಸ್ಪಷ್ಟವಾಗಿ ನೆನಪಿದೆ. ಯಾರು ಹೇಳಿದರು ಎಂಬುದು ಸಣ್ಣ ವಿಷಯವಲ್ಲ. ಅವರೇ ಕೇಳಿದ್ದಾದರೆ ಬಹಳ ವರ್ಷಗಳಿಂದ ಅದನ್ನು ಬಲ್ಲರು ಎಂದಾಯಿತು. ಆಮೇಲೆ ಅವರು ಆಡಿದ ಮಾತಿನಲ್ಲಿ ಮಾತ್ರ ಪಾಠಾಂತರವಿಲ್ಲ.

"ಹಂಗಾರ ಇಷ್ಟು ವರ್ಷ ನಾ ಏನ ನೋಡಾಕತ್ತಿದ್ದೆ?"

ಮಂಗಳನನ್ನು ಕುರಿತು ಕೇಳಿದರೋ, ಪೂಜೆಯನ್ನು ಕುರಿತೋ, ನಾನು ಬಿಡಿಸಿ ಕೇಳಲಿಲ್ಲ. ಕಾಲುವೆಗಳು ಇಲ್ಲ ಎಂದು ಇದರಿಂದ ಸಿದ್ಧವಾಗುವುದಿಲ್ಲ, ಇವೆ ಎಂದೂ ಆಗುವುದಿಲ್ಲ ಎಂದು ಕಾಲೇಜಿನ ಧಾಟಿಯಲ್ಲಿ ಹೇಳಿದೆ. ಅವರು ತಲೆಯಾಡಿಸಿದರು. ಹುಕ್ಕೇರಿಗೆ ಹೋಗುವುದಿಲ್ಲವೆಂದು ಹೇಳಿ ಕಳಿಸಿಬಿಡಿ ಎಂದು ಅವರ ಹೆಂಡತಿ ಒಳಗಿನಿಂದ ಅಂದರು. ಜ್ವರ ಬಂದಿದೆ ಎಂದರೆ ಸಾಕು, ಯಾರೂ ನಂಬದೆ ಇರುವುದಿಲ್ಲ.

ಮಠದ ಅಂಗಳದಲ್ಲಿ ಅವರು ಮಾತನಾಡಿದ್ದು ನನ್ನ ಕಣ್ಣ ಮುಂದೆ ಇದೆ: ಜಮಖಾನೆ, ಗ್ಯಾಸ್‌ಬತ್ತಿ, ಮುಂದಿನ ಸಾಲಿನಲ್ಲಿ ವಕೀಲರ ತಲೆಯ ರುಮಾಲುಗಳು. ಇದೆಲ್ಲ ನಾನು ಆಮೇಲೆ ಕಟ್ಟಿಕೊಂಡದ್ದು. ಆ ದಿನ ನಾನು ಅಲ್ಲಿರಲು ಸಾಧ್ಯವಿರಲಿಲ್ಲ. ಹೊಸ ನೌಕರಿಗೆಂದು ಅಷ್ಟರಲ್ಲಿ ಪುಣೆಯ ರೈಲು ಹತ್ತಿದ್ದೆ. ಮಾಸ್ತರರನ್ನು ಮತ್ತೆ ನೋಡಲಿಲ್ಲ.

ಬಹಳ ವರ್ಷಗಳ ಮೇಲೆ, ಯುದ್ಧದ ದಿನಗಳಲ್ಲಿ, ಕೆಲಸದ ಮೇಲೆ ಹುಕ್ಕೇರಿಗೆ ಹೋಗಬೇಕಾಯಿತು. ಅಂದು ಅಂಗಳದಲ್ಲಿದ್ದ ಇಬ್ಬರು ಸಿಕ್ಕರು. ಒಬ್ಬರು ವಕೀಲರು, ಮಾಸ್ತರರ ಶಿಷ್ಯರು. ಇನ್ನೊಬ್ಬರು ಕಚೇರಿಯ ಎದುರಿಗೆ ಅಂಗಡಿ ಇಟ್ಟಿದ್ದ ಮುಸಲ್ಮಾನ ದರ್ಜಿ. ಅವರನ್ನು ಬೇರೆ ಬೇರೆಯಾಗಿ, ನನ್ನ ಕಡೆಯಿಂದ ಯಾವ ಸುಳಿವೂ ಕೊಡದೆ ಕೇಳಿದೆ. ಮಳೆ ಇತ್ತು ಎಂದರು ವಕೀಲರು, ಆಕಾಶ ಕನ್ನಡಿಯಂತಿತ್ತು ಎಂದರು ದರ್ಜಿ. ಜನ ನಕ್ಕರು ಎಂದು ಒಬ್ಬರು, ಯಾರೂ ನಗಲಿಲ್ಲ ಎಂದು ಇನ್ನೊಬ್ಬರು. ಒಂದು ಮಾತಿನಲ್ಲಿ ಮಾತ್ರ ಇಬ್ಬರೂ ಕೂಡಿದರು: ಮಾಸ್ತರರು ಎದ್ದು ನಿಂತು, ಮಂಗಳನ ಮೇಲೆ ತಾವು ಕಂಡ ಗೆರೆಗಳು ತಮ್ಮ ಕಣ್ಣಿನವೇ ಇರಬೇಕು ಎಂದು ಮೊದಲು ಹೇಳಿ, ಆಮೇಲೆ ಮಾತು ಶುರು ಮಾಡಿದರು.