ಕಂಬಕ್ಕೆ ಕಟ್ಟಿದ ಗೋಧಿ

ನಾರಾವಿಯ ದೀಕ್ಷಿತಾ ಮೂಡುಬಿದಿರೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ಸಂಘಟನೆ, ಹೋರಾಟ ಎಂದು ಓಡಾಡುತ್ತಿದ್ದ ದಿನಗಳಿಂದ ಅವಳ ಮನೆಯ ಚಾ ಕುಡಿದವನು ನಾನು. ಅವಳು ಹೇಳುವಂತೆ, ಗೋಧಿಯಲ್ಲಿ ಮೂರು ಬೇರೆ ಹುಲ್ಲುಗಳ ವಂಶ ಸೇರಿಕೊಂಡಿದೆ. ಪರಾಗ ಹುಟ್ಟುವ ಮೊದಲು ವರ್ಣತಂತುಗಳು ಜೋಡಿಯಾಗುವಾಗ ಒಂದು ವಂಶದ್ದು ಇನ್ನೊಂದರ ಜೊತೆ ಕೂಡುವುದಿಲ್ಲ. ಇದನ್ನು ಮುಖ್ಯವಾಗಿ ಕಾಯುವುದು ಒಂದು ವರ್ಣತಂತುವಿನ ಸಣ್ಣದೊಂದು ತುಂಡು. ವರ್ಷಗಳಿಂದ ಇದನ್ನೇ ಪಾಠ ಮಾಡಿದವಳು, ಕಣ್ಣಾರೆ ಕಂಡಿರಲಿಲ್ಲ. ಕಾಣದ್ದನ್ನು ಕಲಿಸಲು ಅವಳಿಗೆ ನಾಚಿಕೆ.

ಚಳಿಗಾಲದಲ್ಲಿ ಅಂಗಳದ ಸಿಮೆಂಟು ಚೀಲಗಳಲ್ಲಿ ಗೋಧಿ ಬಿತ್ತಿದಳು. ನಮ್ಮ ಸೆಕೆಗೆ ಹೆಚ್ಚಿನವು ಸತ್ತು, ಒಂದು ಚೀಲ ಉಳಿಯಿತು. ತೆನೆ ಎಲೆಯ ಕವಚದೊಳಗಿರುವಾಗಲೇ ಕೀಳಬೇಕು. ಹೊರಬಂದರೆ ಜೋಡಿಯಾಗುವುದು ಮುಗಿದಿರುತ್ತದೆ. ಒಂದು ಬೆಳಿಗ್ಗೆ ಕವಚ ಉಬ್ಬಿದ್ದು ಕಂಡು, ನಾಳೆ ಕೀಳುವ ಎಂದು ಕಾಲೇಜಿಗೆ ಹೋದಳು.

ಸಂಜೆ ನಾನಲ್ಲಿಗೆ ಹೋದಾಗ ಚೀಲ ಬೋಳು. ಒಂದೆರಡು ತೆನೆ ತಲೆಹಾಕಿದ್ದು ಕಂಡ ಅವಳ ತಾಯಿ ಪೂವಮ್ಮ ಎಲ್ಲವನ್ನೂ ಬುಡದಿಂದ ಕೊಯ್ದು, ಮಾವಿನೆಲೆ ಹಲಸಿನೆಲೆ ಸೇರಿಸಿ ಕಂಬಕ್ಕೆ ಕಟ್ಟಿದ್ದರು. ಹೊಸ ಫಸಲನ್ನು ಮನೆ ತುಂಬಿಸಿಕೊಳ್ಳುವ ಕ್ರಮಕ್ಕೆ, ಗದ್ದೆ ಹಡೀಲು ಬಿದ್ದು ಬೇಸಾಯ ನಿಂತ ಮೇಲೆ ಭತ್ತದ ತೆನೆಯನ್ನು ಪೇಟೆಯಿಂದ ತಂದು ಕಟ್ಟುತ್ತಿದ್ದ ಮನೆ ಅದು.

"ಅಮ್ಮಾ, ಇದು ಭತ್ತ ಅಲ್ಲ" ಎಂದು ಆಗಷ್ಟೇ ಕಾಲೇಜಿನಿಂದ ಬಂದ ದೀಕ್ಷಿತಾ ಮೆಟ್ಟಿಲಲ್ಲೇ ಕುಳಿತುಬಿಟ್ಟಳು.

"ಭತ್ತ ಅಲ್ಲದಿದ್ರೆ ಏನಾಯ್ತು ಮಗಾ? ತೆನೆ ಹೌದಲ್ವಾ? ಅಂಗಳದಲ್ಲೇ ಬಂದದ್ದನ್ನು ಹೊರಗೆ ಬಿಡ್ಲಿಕ್ಕೆ ಉಂಟಾ?"

ಕೊಯ್ದದ್ದು ಆಗಷ್ಟೆ, ದಂಟು ಇನ್ನೂ ಹಸಿ. ಬಿಚ್ಚುತ್ತೇನೆಂದಳು. ಕಟ್ಟಿದ್ದನ್ನು ಬಿಚ್ಚುವ ಕ್ರಮವಿಲ್ಲವೆಂದು ಪೂವಮ್ಮ ಅಡ್ಡ ನಿಂತರು. ಮಗಳ ಕಣ್ಣು ತುಂಬಿದ್ದು ನೋಡಿ ದನಿ ಇಳಿಯಿತು.

"ಗಂಟು ಮುಟ್ಟಬೇಡ. ಬೇಕಾದಷ್ಟು ಎಳೆದುಕೋ."

ಕವಚದೊಳಗಿದ್ದವನ್ನು ಒಂದೊಂದಾಗಿ ಎಳೆದು, ಕೆಡದಂತೆ ಇಡುವ ಮದ್ದಿನ ಬಾಟಲಿಗೆ ಹಾಕಿದಳು.

ಮರುದಿನ ನನ್ನನ್ನೂ ಕಾಲೇಜಿಗೆ ಕರೆದೊಯ್ದು, ತೆನೆಯ ಪರಾಗಕೋಶಕ್ಕೆ ಬಣ್ಣ ಹಚ್ಚಿ, ಗಾಜಿನ ನಡುವೆ ಒತ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ನನಗೂ ತೋರಿಸಿದಳು. ಒಂದೇ ಜೀವಕೋಶದಲ್ಲಿ ಕೆಂಪು ಬಳೆಚೂರುಗಳ ಹಾಗೆ ಇಪ್ಪತ್ತೊಂದು ಜೋಡಿ. ಒಂಟಿಯಾಗಿ ಯಾವುದೂ ಇಲ್ಲ, ಮೂರು ನಾಲ್ಕು ಸೇರಿದ ಗೋಜಲೂ ಇಲ್ಲ. ಒಂದೇ ವೇದಿಕೆಗೆ ಮೂರು ಸಂಘಟನೆ ಹತ್ತಿದರೆ ಮೈಕಿಗೆ ಜಗಳವಾಗುವುದನ್ನು ಜೀವನವಿಡೀ ಕಂಡವನು ನಾನು. ಇಲ್ಲಿ ಮೂರು ವಂಶ ಸಾವಿರಾರು ವರ್ಷಗಳಿಂದ ಒಂದೇ ಗೂಡಿನಲ್ಲಿವೆ, ನೋಡಲಿಕ್ಕೂ ಹೆಚ್ಚು ಕಡಿಮೆ ಒಂದೇ ಥರ. ಆದರೂ ಪ್ರತಿಯೊಂದೂ ತನ್ನ ಜೋಡಿಯನ್ನೇ ಹುಡುಕಿ ಹಿಡಿದಿದೆ.

"ನಾಳೆ ಮಕ್ಕಳಿಗೆ ತೋರಿಸ್ತೇನೆ ಮಾವ" ಎಂದಳು. ಮತ್ತೆ ಕಣ್ಣಿಟ್ಟವಳು ಕಾಲೇಜಿನ ಬಾಗಿಲು ಹಾಕುವವರೆಗೂ ಏಳಲಿಲ್ಲ.