ಬಾಗಿಲು ದಾಟಿದ ಮೇಲೆ ಹೇಳುವ ಮಾತು

ಮೆಲ್ಕಿಯಾಸ್ ಕೊರ್ವಾ ಒಳ್ಳೆಯ ಪೈಲಟ್, ಅದಕ್ಕಿಂತ ದೊಡ್ಡ ಹರಟೆಮಲ್ಲ. ಬಿಯಾಕ್ ದ್ವೀಪದಲ್ಲಿ ಹುಟ್ಟಿದವನು. ಪಾಪುವಾದ ಬೆಟ್ಟಗಳ ಮೇಲೆ ಒಂಟಿ ಎಂಜಿನ್ನಿನ ವಿಮಾನದಲ್ಲಿ ಅಕ್ಕಿ, ಸೀಮೆಎಣ್ಣೆ, ತಗಡು, ಬಸುರಿಯರು, ಹಂದಿಮರಿ ಎಲ್ಲವನ್ನೂ ಹೊತ್ತು ತಲೆ ನರೆಸಿಕೊಂಡವನು. ಅಡಿಕೆ ಜಗಿದು ಕೆಂಪಾದ ಹಲ್ಲು ಬಿಟ್ಟು ಅವನು ನಕ್ಕರೆ ಎದುರಿಗಿದ್ದವರಿಗೆ ನಗದೆ ಬೇರೆ ದಾರಿ ಇರಲಿಲ್ಲ.

ಸೆಂತಾನಿಯಿಂದ ವಾಮೆನಾ ಕಣಿವೆಗೆ ಹೋಗುವಾಗ ಎರಡು ಬೆಟ್ಟಗಳ ನಡುವೆ ಒಂದು ಸಂದು ಸಿಗುತ್ತದೆ. ಪೈಲಟ್‌ಗಳು ಅದನ್ನು ಬಾಗಿಲು ಎನ್ನುತ್ತಾರೆ. ಮೋಡ ಇಳಿದ ದಿನ ಅಲ್ಲಿ ಎರಡು ವಿಮಾನಕ್ಕೆ ಜಾಗ ಸಾಲದು. ನೆಲದ ಮೇಲಿನ ರೇಡಾರ್ ಆ ಸಂದಿಗೆ ಮುಟ್ಟುವುದಿಲ್ಲ. ಎದುರಿಗೆ ಯಾರೋ ಬರುತ್ತಿದ್ದಾರೆ ಎಂದು ಕೂಗಿ ಎಚ್ಚರಿಸುವ ಯಂತ್ರ ದೊಡ್ಡ ವಿಮಾನಗಳಲ್ಲಿತ್ತು, ಇವರ ಡಬ್ಬಗಳಲ್ಲಿ ಇರಲಿಲ್ಲ. ಹಾಗಾಗಿ ಕಿವಿಯನ್ನೇ ನಂಬಿ ಹಾರಬೇಕು. ಬಾಗಿಲಿಗೆ ಬರುವ ಮುಂಚೆ ಎಲ್ಲರಿಗೂ ಕೇಳುವ ರೇಡಿಯೋದಲ್ಲಿ ತನ್ನ ಹೆಸರು, ಎತ್ತರ ಹೇಳಿ, ಒಳಗೆ ಹೋಗುತ್ತಿದ್ದೇನೆ ಎನ್ನಬೇಕು. ಆಚೆ ಬಂದ ಮೇಲೆ ದಾಟಿದೆ ಎನ್ನಬೇಕು. ಅಲ್ಲಿಯತನಕ ಎದುರು ಬದಿಯವರು ಸುತ್ತು ಹೊಡೆಯುತ್ತ ಕಾಯಬೇಕು.

ಮೆಲ್ಕಿಯಾಸ್ ಮಾತ್ರ ದಾಟಿದೆ ಎನ್ನುತ್ತಿರಲಿಲ್ಲ. ಬಾಗಿಲಿನ ಈಚೆ ಒಂದು ನಗೆಕಥೆ ಶುರುಮಾಡಿ, ಕೊನೆಯ ಮಾತನ್ನು ಹಿಡಿದಿಟ್ಟುಕೊಂಡು, ಆಚೆ ಬಂದ ಮೇಲೆ ಹೇಳುತ್ತಿದ್ದ. ಕಥೆ ಮುಗಿಯಿತೆಂದರೆ ಬಾಗಿಲು ಖಾಲಿ ಎಂದು ಎಲ್ಲರಿಗೂ ಗೊತ್ತಿತ್ತು. ನಿಯಮ ಬಲ್ಲವರು ಮೂಗು ಮುರಿದರು. ಆದರೆ ಕಥೆಯ ಆಸೆಗೆ ಒಬ್ಬನೂ ರೇಡಿಯೋದಿಂದ ಕಿವಿ ತೆಗೆಯುತ್ತಿರಲಿಲ್ಲ, ಅದೂ ನಿಜ.

ವಾಮೆನಾದ ಹುಡುಗಿ ಅಪ್ಲೇನಾ ಅಸ್ಸೊ ಪಳಗಿದ್ದು ಅವನ ಪಕ್ಕದ ಸೀಟಿನಲ್ಲಿ. ಒಡಹುಟ್ಟಿದ ತಂಗಿಯ ಮೇಲೂ ಅವನಿಗೆ ಅಷ್ಟು ಅಕ್ಕರೆ ಇರಲಿಲ್ಲ. ಅವಳಿಗೆ ಬೈಗುಳವೂ ಅಷ್ಟೇ ಧಾರಾಳವಾಗಿ ಸಿಗುತ್ತಿತ್ತು.

"ಎದುರಿಗೆ ವಿಮಾನ ಕಂಡ್ರೆ ಏನ್ ಮಾಡ್ತೀಯಾ?"

"ಬಲಕ್ಕೆ ತಿರುಗ್ತೀನಿ."

"ಯೋಚ್ನೆ ಮಾಡಿ ಹೇಳ್ದೆ ನೀನು. ಅಷ್ಟೊತ್ತಿಗೆ ಇಬ್ರೂ ಸತ್ತಿರ್ತೀವಿ. ನಿದ್ದೇಲಿ ಎಬ್ಬಿಸಿದ್ರೂ ಕೈ ಬಲಕ್ಕೇ ಹೋಗ್ಬೇಕು."

"ನಿದ್ದೇಲೂ ಬರ್ತೀರಾ ಅಣ್ಣಾ? ಎಚ್ಚರದಲ್ಲಿ ಕೊಡೋ ಕಾಟ ಸಾಲ್ದಾ?"

ಕಲಿತು ಮುಗಿದ ಮೇಲೆ ಅವಳಿಗೆ ಬೇರೆ ವಿಮಾನ ಸಿಕ್ಕಿತು. ಅದಾಗಿ ಒಂದು ಬೆಳಿಗ್ಗೆ ಮೋಡ ಬಾಗಿಲಿನ ಅರ್ಧಕ್ಕೆ ಇಳಿದಿತ್ತು. ಮೆಲ್ಕಿಯಾಸ್ ಒಳಗೆ ಹೋಗುತ್ತಿದ್ದೇನೆ ಎಂದು ಹೇಳಿ ಕಥೆ ತೆಗೆದ. ಬೆಟ್ಟದ ಮುದುಕ ಒಬೆತ್ ತನ್ನ ಹಂದಿ ಹೊಡೆದುಕೊಂಡು ವಿಮಾನ ಹತ್ತಲು ಬಂದನಂತೆ. ಇಬ್ಬರನ್ನೂ ತೂಗಿದ ಗುಮಾಸ್ತ, ಭಾರ ಜಾಸ್ತಿಯಾಯಿತು, ಒಬ್ಬರೇ ಹೋಗಿ ಅಂದನಂತೆ. ಒಬೆತ್ ಬಹಳ ಹೊತ್ತು ಯೋಚಿಸಿ ಹಂದಿಯನ್ನು ಹತ್ತಿಸಿದನಂತೆ. ಯಾಕೆ ಅಂದರೆ...

ಅಲ್ಲಿಗೆ ನಿಲ್ಲಿಸಿದ. ವಾಮೆನಾದಿಂದ ಎದ್ದು ಬಂದಿದ್ದ ಅಪ್ಲೇನಾ ಬಾಗಿಲಿನ ಆಚೆ ಬದಿಯಲ್ಲಿ ಸುತ್ತು ಹೊಡೆಯುತ್ತ ಕಾಯುತ್ತಿದ್ದಳು.

ಮೆಲ್ಕಿಯಾಸನ ಪಕ್ಕದಲ್ಲಿ ಕೂತಿದ್ದ ಕಾಫಿ ವ್ಯಾಪಾರಿ ಈ ದಾರಿಗೆ ಹೊಸಬ. ಸರಿಯಾಗಿ ಬಾಗಿಲಿನ ನಡುವೆ, "ಯಾಕೆ ಹತ್ತಿಸ್ದ, ಹೇಳ್ರೀ ಮಾರಾಯ್ರೆ" ಎಂದು ಗಂಟುಬಿದ್ದ. ಕಥೆ ಹೇಳುವವನಿಗೆ ಅದಕ್ಕಿಂತ ಸುಖ ಇನ್ನೇನಿದೆ. ಒಬ್ಬನಿಗೆ ಮಾತ್ರ ಹೇಳಿ ಮುಗಿಸುವ ಜಾಯಮಾನವೂ ಅವನದಲ್ಲ. ರೇಡಿಯೋ ಗುಂಡಿ ಒತ್ತಿ, ಕೊನೆಯ ಮಾತನ್ನು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟ. ಬೆರಳು ತೆಗೆಯದೆ ನಕ್ಕ. ಗುಂಡಿ ಒತ್ತಿರುವಷ್ಟು ಹೊತ್ತು ಬೇರೆಯವರ ಮಾತು ಕೇಳಿಸುವುದಿಲ್ಲ. ಆಚೆ ಬದಿಯಿಂದ ಅವಳು ತನ್ನ ಹೆಸರು ಹೇಳಿ, "ಅಪ್ಲೇನಾ, ಒಳಗೆ ಬರ್ತಿದ್ದೀನಿ" ಎಂದದ್ದು ಆ ನಗೆಯಲ್ಲಿ ಮುಳುಗಿಹೋಯಿತು.

ಮೋಡ ತೆಳುವಾದ ಕಡೆ, ಎದುರು ಗಾಜಿನ ತುಂಬ ಒಂದು ಬಿಳಿ ವಿಮಾನ. ಬೆಟ್ಟದ ಗೋಡೆ ಕಾಣದೆ ಇಬ್ಬರೂ ಸಂದಿನ ನಡುವಿಗೆ ಸರಿದಿದ್ದರು. ಅವನ ಕೈ ಬಲಕ್ಕೆ ಹೋಯಿತು. ಅವಳ ಕೈಯೂ ಬಲಕ್ಕೇ ಹೋಗಿತ್ತು. ಎರಡೂ ವಿಮಾನ ವಾಲಿಕೊಂಡು, ಒಂದರ ಹೊಟ್ಟೆಯನ್ನು ಇನ್ನೊಂದಕ್ಕೆ ತೋರಿಸುತ್ತ ದಾಟಿಹೋದವು. ಅವಳ ಚಕ್ರಕ್ಕೆ ಮೆತ್ತಿದ ಕೆಸರು ಅವನಿಗೆ ಕಂಡಿತು. ಕಾಫಿ ವ್ಯಾಪಾರಿ ಯೇಸುವನ್ನು ಕರೆಯತೊಡಗಿದ.

ಸಂಜೆ ಸೆಂತಾನಿಯಲ್ಲಿ ಅವಳನ್ನು ಹುಡುಕಿಕೊಂಡು ಹೋದ.

"ಯಾಕಮ್ಮಾ ಒಳಗೆ ಬಂದೆ? ದಾಟಿದೆ ಅಂತ ನಾನು ಹೇಳಿರ್ಲಿಲ್ವಲ್ಲ."

"ಯಾವತ್ತು ಹೇಳಿದ್ದೀರಿ ನೀವು? ಕಥೆ ಮುಗೀತಲ್ಲ ಅಂತ ಬಂದೆ ಅಣ್ಣಾ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ಅವನು ಅಲ್ಲೇ ನಿಂತು ಅತ್ತ.

ಮೇಲಿನವರ ಮುಂದೆ ತಪ್ಪೆಲ್ಲ ತನ್ನದೇ ಎಂದ. ಕೆಲವು ತಿಂಗಳು ನೆಲದ ಮೇಲೆ ಕೂರಿಸಿ ಮತ್ತೆ ಹಾರಲು ಬಿಟ್ಟರು. ಆಮೇಲೆ ರೇಡಿಯೋದಲ್ಲಿ ಅವನದು ಹೆಸರು, ಎತ್ತರ, ಒಳಗೆ, ದಾಟಿದೆ, ಇಷ್ಟೇ. ಎಷ್ಟು ಗೋಗರೆದರೂ ನೆಲದ ಮೇಲೂ ಕಥೆ ಹೇಳಲಿಲ್ಲ. ಅಂಥ ಬಾಯಿಗೆ ಬೀಗ ಬಿದ್ದದ್ದು ಎಲ್ಲರಿಗೂ ಸಂಕಟವೇ.

ಅವನು ನಿವೃತ್ತನಾದ ದಿನ ವಿಮಾನ ನಿಲ್ಲಿಸುವ ಶೆಡ್ಡಿನಲ್ಲಿ ಊಟವಿತ್ತು. ಸಾಗು ಎಂಬ ತಾಳೆಮರದ ತಿರುಳಿನ ಅಂಟುಗಂಜಿ, ಅರಿಸಿನ ಹಾಕಿದ ಮೀನಿನ ಸಾರು. ಅವನ ಜೊತೆಯ ಪೈಲಟ್ ಸೆಫ್ನಾತ್ ಕುರ್ಚಿ ಎಳೆದು ಅವನನ್ನು ಕೂರಿಸಿದ.

"ಇವತ್ತು ಬಿಡಲ್ಲ. ಆ ಹಂದಿ ಕಥೆ ಆಗ್ಲೇಬೇಕು."

ಮೆಲ್ಕಿಯಾಸ್ ತಟ್ಟೆ ಪಕ್ಕಕ್ಕೆ ಸರಿಸಿ ಶುರುಮಾಡಿದ. ಒಬೆತ್ ಬಂದ, ತೂಕ ಆಯಿತು, ಹಂದಿ ಹತ್ತಿತು. ಅಲ್ಲಿ ನಿಲ್ಲಿಸಿ ಸುತ್ತ ನೋಡಿದ.

"ಅಪ್ಲೇನಾ ಎಲ್ಲಿ?"

"ವಾಮೆನಾದಿಂದ ಬರ್ತಿದ್ದಾಳೆ. ಇನ್ನೂ ಮೇಲಿದ್ದಾಳೆ. ನೀನು ಮುಗ್ಸು, ಸಾರು ಆರೋಗುತ್ತೆ."

"ಆರ್ಲಿ."

ಸಾರು ಆರಿತು. ಯಾರೂ ತಟ್ಟೆಗೆ ಕೈ ಹಾಕಲಿಲ್ಲ. ಕೊನೆಗೆ ಎಂಜಿನ್ ಸದ್ದು ಕೇಳಿತು, ಚಕ್ರ ನೆಲಕ್ಕೆ ತಾಗಿದ್ದು ಕೇಳಿತು. ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದ ಅಪ್ಲೇನಾ ಎಲ್ಲರ ಮುಖ ನೋಡಿದಳು, ಮುಟ್ಟದ ತಟ್ಟೆಗಳನ್ನು ನೋಡಿದಳು. ಅವಳಿಗೆ ಅರ್ಥವಾಯಿತು.

"ದಾಟಿದೆ ಅಣ್ಣಾ," ಎಂದಳು. "ಈಗ ಹೇಳಿ."

ಮೆಲ್ಕಿಯಾಸ್ ಕಣ್ಣೊರೆಸಿಕೊಂಡ.

"ಒಬೆತ್ ಅಂದ, ನಾನು ನಡ್ಕೊಂಡಾದ್ರೂ ಮನೆ ಸೇರ್ತೀನಿ ಸ್ವಾಮೀ, ಹಂದಿಗೆ ದಾರಿ ಗೊತ್ತಿಲ್ಲ."