ಕುತ್ತಿಗೆಗೆ ಮಾತ್ರ ಹೊಸ ಬಣ್ಣ

ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ಹುಣಸೆಬೀಜದಂತಿತ್ತು. ದಪ್ಪ, ಕಂದು, ಅಂಚು ಮುರಿದದ್ದು. ಜಗಳೂರಿನ ಸಂತೆಯಲ್ಲಿ ಆ ಹೆಬ್ಬೆರಳಿನಿಂದ ಕುರಿಯ ತುಟಿ ಎತ್ತಿ ಹಲ್ಲು ನೋಡುತ್ತಿದ್ದಳು. ಬೆನ್ನು ಒತ್ತಿ ನೋಡಿ, ಇದು ನಿಜಕ್ಕೂ ಮೈ ಹಿಡಿದ ಕುರಿಯೋ, ಉಪ್ಪು ತಿನ್ನಿಸಿ ನೀರು ಕುಡಿಸಿ ಹೊಟ್ಟೆ ಉಬ್ಬಿಸಿ ತಂದದ್ದೋ ಹೇಳಿಬಿಡುತ್ತಿದ್ದಳು. ಅವಳು ಹೋದ ಮೇಲೆ ಬಿಳಿಚೋಡಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಪಾಪ, ಬಲು ಸಾಧು ಹೆಂಗಸು. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಸಾಧುವಂತೆ! ಇವರ್ಯಾರೂ ಅವಳ ಕೈಗೆ ಸಿಕ್ಕವರಲ್ಲ. ನಾನು ಸಿಕ್ಕಿದ್ದೇನೆ.

ಅವಳು ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತನ್ನ ಕುರಿ ಹೊಡೆದುಕೊಂಡು ನಮ್ಮ ಮನೆಗೇ ಬಂದಿದ್ದಳು. ಸಂತೆಯಲ್ಲಿ ಅವಳದೊಂದು ಕಟ್ಟುನಿಟ್ಟಿತ್ತು. ತಾನು ನೋಡಿ ಬೇಡವೆಂದು ಬಿಟ್ಟ ಕುರಿಯ ಬಗ್ಗೆ ತಾನಾಗಿ ತುಟಿ ಬಿಚ್ಚುತ್ತಿರಲಿಲ್ಲ. ಆದರೆ ಇನ್ನೊಬ್ಬರು ಬಂದು, "ಯಾಕಕ್ಕ ಬಿಟ್ಟೆ?" ಎಂದು ಕೇಳಿದರೆ ಮಾರುವವನ ಎದುರಿಗೇ ಹೇಳುತ್ತಿದ್ದಳು. "ಕೇಳದೆ ಹೇಳಬಾರ್ದು, ಕೇಳಿದ್ರೆ ಮುಚ್ಚಬಾರ್ದು," ಎನ್ನುವುದು ಅವಳ ಮಾತು. ನಾನು ಅದನ್ನು ಚಿಕ್ಕಂದಿನಿಂದ ಕೇಳಿ ಕೇಳಿ ಕಿವಿ ತೂತಾದವನು. ಕೇಳಿದ್ದೇ ಬಂತು.

ಆಗ ನನಗೆ ಪಿಟ್ ಬೈಕಿನ ಹುಚ್ಚು. ಮಣ್ಣಿನ ದಿಬ್ಬಗಳ ಮೇಲೆ ನೆಗೆಸಲೆಂದೇ ಮಾಡಿದ ಕುಳ್ಳ ಗಾಡಿ ಅದು. ರಸ್ತೆಗೆ ತರುವಂತಿಲ್ಲ. ನಂಬರ್ ಇಲ್ಲ, ಕಾಗದಪತ್ರ ಇಲ್ಲ, ಯಾರ ಕೈಯಲ್ಲಿ ಎಷ್ಟು ಬಿದ್ದೆದ್ದು ಬಂದಿದೆ ಎಂದು ತಿಳಿಯುವ ದಾರಿಯೂ ಇಲ್ಲ. ಹೊನ್ನಾಳಿಯಲ್ಲಿ ಒಬ್ಬ ಹಳೆಯದೊಂದನ್ನು ಮಾರುತ್ತಾನೆಂದು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಗೊತ್ತಾಯಿತು. ಅತ್ತೆ ನನಗಾಗಿ ಎರಡು ಟಗರು ಮಾರಿದಳು, ನೋಡಲು ತಾನೂ ಬರುತ್ತೇನೆಂದು ಹಟ ಹಿಡಿದಳು. "ಕಾಗದ ಇಲ್ಲದ ಗಾಡಿ ನಿನಗೇನು ಗೊತ್ತಾಗ್ತೈತೆ?" ಎಂದೆ. "ಕುರಿಗೇನು ಕಾಗದ ಐತಾ?" ಎಂದಳು.

ಹೊನ್ನಾಳಿಯಲ್ಲಿ ಆ ಮನುಷ್ಯ ಒಂದೇ ಒದೆತಕ್ಕೆ ಗಾಡಿ ಚಾಲೂ ಮಾಡಿದ. ನಾನು ಹಲ್ಲು ಕಿರಿದು ನಿಂತೆ. ಅತ್ತೆ ಅದನ್ನು ಆರಿಸಲು ಹೇಳಿ, ಇಂಜಿನ್ನಿನ ಹತ್ತಿರ ಕೈ ಹಿಡಿದಳು.

"ಈಗ ಹಚ್ಚಿದ ಇಂಜಿನ್ನು ಇಷ್ಟು ಕಾದೈತಲ್ಲಪ್ಪ. ಮೊದ್ಲೇ ಓಡ್ಸಿದ್ರಾ?"

"ಬಿಸಿಲಾಗೆ ನಿಂತಿತ್ತಮ್ಮ."

ಅವಳು ಸೀಟಿನ ಮೇಲೆ ಅಂಗೈ ಇಟ್ಟಳು. "ಸೀಟು ತಣ್ಣಗೈತೆ."

ತಣ್ಣಗಿದ್ದಾಗ ಸುಲಭಕ್ಕೆ ಚಾಲೂ ಆಗದ ಗಾಡಿಯನ್ನು ನಾವು ಬರುವ ಮುಂಚೆ ಬಿಸಿ ಮಾಡಿ ಇಟ್ಟಿದ್ದ. ನನಗೂ ತಿಳಿಯಿತು, ತಿಳಿಯದವನಂತೆ ನಿಂತೆ. ಅತ್ತೆ ಕುಕ್ಕರಗಾಲಲ್ಲಿ ಕೂತು ಗಾಡಿಯ ಸುತ್ತ ಸರಿಯುತ್ತಾ ಬಂದಳು. ಚಕ್ರ ಅಲ್ಲಾಡಿಸಿದಳು. ಕೊನೆಗೆ ಹ್ಯಾಂಡಲ್ ಕೂರುವ ಕುತ್ತಿಗೆಯ ಹತ್ತಿರ ಬಂದು ನಿಂತಳು.

"ಮೈಯೆಲ್ಲ ಹಳೇ ಬಣ್ಣ. ಕುತ್ತಿಗೆಗೆ ಮಾತ್ರ ಯಾಕಪ್ಪ ಹೊಸದು?"

ಅವನು ಬಾಯಿ ತೆಗೆಯುವ ಮೊದಲೇ ಆ ಉಗುರಿನಿಂದ ಕೆರೆದಳು. ಬಣ್ಣದ ಹಕ್ಕಳೆ ಎದ್ದಿತು. ಅಡಿಯಲ್ಲಿ, ಹರಿದ ಗೋಣಿಚೀಲ ಹೊಲಿದ ಹಾಗೆ, ವೆಲ್ಡಿಂಗಿನ ಗೆರೆ. ಮುರಿದ ಕುತ್ತಿಗೆಯನ್ನು ಬೆಸೆದಿದ್ದರು. ಆ ಮನುಷ್ಯ ಸುತ್ತ ಸೇರಿದ್ದವರ ಕಡೆ ತಿರುಗಿ, "ಅಮ್ಮ ಕುರಿ ಮೈಯಾಗಿನ ಉಣ್ಣೆ ಹುಡುಕ್ತಾ ಐತೆ," ಎಂದ. ಎಲ್ಲರೂ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಅತ್ತೆ, ಇದು ಕುರಿ ಅಲ್ಲ, ಸುಮ್ನಿರು," ಎಂದು ಗದರಿದೆ.

"ಕುರಿಯಾಗಿದ್ರೆ ಅದೊಂದೇ ಸಾಯ್ತಿತ್ತು," ಎಂದಳು. "ಇದರ ಮ್ಯಾಲೆ ನೀನು ಕೂತಿರ್ತೀಯ."

ಅಷ್ಟು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದೇಬಿಟ್ಟಳು. ದುಡ್ಡು ಅವಳ ಸೆರಗಿನಲ್ಲಿತ್ತು. ನಾನು ಹಿಂದೆ ಹೋಗದೆ ಏನು ಮಾಡಲಿ? ಬಿಳಿಚೋಡು ಬರುವವರೆಗೆ ಅವಳ ಜೊತೆ ಮಾತಾಡಲಿಲ್ಲ, ಆಮೇಲೆಯೂ ಆಡಲಿಲ್ಲ.

ಐದಾರು ದಿನಕ್ಕೆ ನ್ಯಾಮತಿಯ ಒಬ್ಬ ಫೋನ್ ಮಾಡಿದ. ನಮ್ಮದೇ ಗುಂಪಿನವನು. "ಅಣ್ಣ, ಹೊನ್ನಾಳಿ ಗಾಡಿ ನೋಡಾಕೆ ಹೋಗಿದ್ರಂತೆ. ಹೆಂಗೈತೆ?"

"ಗಾಡಿಗೇನಾಗಿಲ್ಲ, ತಗಳ್ರಿ. ನಮ್ಮನೇಲಿ ಒಪ್ಲಿಲ್ಲ, ಅಷ್ಟೆ."

ಆ ಮಾತು ನಾನು ಅವನಿಗೆ ಹೇಳಿದ್ದಲ್ಲ. ಅತ್ತೆಯ ಮೇಲಿನ ಸಿಟ್ಟಿಗೆ ಹೇಳಿದ್ದು. ಅವಳು ಹತ್ತಿರದಲ್ಲಿ ಇರಲೂ ಇಲ್ಲ.

ನನ್ನ ಮಾತು ನಂಬಿ ಅವನು ಆ ಗಾಡಿ ಕೊಂಡ. ತಿಂಗಳು ತುಂಬುವ ಮೊದಲೇ ಗುಂಪಿನಲ್ಲಿ ಫೋಟೋ ಬಂತು. ದಿಬ್ಬದಿಂದ ನೆಗೆದು ಇಳಿಯುವಾಗ ಗಾಡಿಯ ಕುತ್ತಿಗೆ ಬೆಸೆದಲ್ಲೇ ಮುರಿದಿತ್ತು. ಅವನ ಬಲಗೈ ಮಣಿಕಟ್ಟು ನುಜ್ಜಾಗಿತ್ತು. ಎರಡು ದಿನ ಆ ಫೋಟೋವನ್ನೇ ತೆಗೆದು ತೆಗೆದು ನೋಡಿದೆ. ಮೂರನೆಯ ದಿನ ಕುರಿಹಟ್ಟಿಗೆ ಹೋಗಿ ಅತ್ತೆಗೆ ಹೇಳಿದೆ.

"ಅವನು ಕೇಳಿದ್ನಾ?"

"ಕೇಳಿದ್ದ."

"ನೀನು ಆ ಗೆರೆ ನೋಡಿದ್ಯಾ?"

"ನೋಡಿದ್ದೆ."

ಅವಳು ಕೈಯಲ್ಲಿದ್ದ ಮೇವು ಕುರಿಗಳ ಮುಂದೆ ಹಾಕಿ ನನ್ನ ಕಡೆ ತಿರುಗಿದಳು. "ಮಾರೋನು ಮುಚ್ಚಿಟ್ಟ, ಅವನಿಗೆ ನಾಕು ಕಾಸು ಬಂತು. ನಿನಗೇನು ಬಂತು ಅಳಿಯಾ?"

ಇವತ್ತಿಗೂ ಆ ಹೊನ್ನಾಳಿಯವನನ್ನು ನೆನೆದರೆ ನನ್ನ ಹಲ್ಲು ಕಟಕಟ ಎನ್ನುತ್ತವೆ. ಆದರೆ ಅವನಿಗೆ ಹಾಕಬೇಕೆಂದು ಬಾಯಿಗೆ ಬರುವ ಪ್ರತಿ ಬೈಗುಳವೂ ಅರ್ಧದಾರಿಯಲ್ಲಿ ನನ್ನ ಕಡೆಗೇ ತಿರುಗುತ್ತದೆ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ನನ್ನನ್ನು ನ್ಯಾಮತಿಗೆ ಎಳೆದುಕೊಂಡು ಹೋದಳು. ಅವನು ಕೈಗೆ ಬ್ಯಾಂಡೇಜು ಸುತ್ತಿಕೊಂಡು ಜಗುಲಿಯ ಮೇಲೆ ಕೂತಿದ್ದ. "ಹೇಳು," ಎಂದಳು ಅತ್ತೆ. ಹೇಳಿದೆ. ಅವನು ನನ್ನ ಮುಖ ನೋಡಲಿಲ್ಲ. ಅವನ ತಾಯಿ ಒಳಗಿಂದ ಬಂದು, "ನಿನ್ನ ನಾಲಿಗೆ ಸೇದಿಹೋಗ," ಎಂದು ಮಣ್ಣು ತೂರಿದಳು. ಅತ್ತೆ ನನ್ನ ಪರವಾಗಿ ಒಂದು ಮಾತೂ ಆಡದೆ ಪಕ್ಕದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಆ ಮಣ್ಣು ಅವಳ ಸೀರೆಗೂ ಬಿತ್ತು. ಬಸ್ ಸ್ಟ್ಯಾಂಡಿನಲ್ಲಿ ರೊಟ್ಟಿ ಬಿಚ್ಚಿ, ಶೇಂಗಾ ಚಟ್ನಿ ಹಚ್ಚಿ ನನ್ನ ಕೈಗಿಟ್ಟು, "ತಿನ್ನು," ಎಂದಳು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಎಲ್ಲಿಯದು! ಪ್ರತಿ ಅಮಾವಾಸ್ಯೆಗೆ ನನ್ನ ಫೋನಿನಿಂದಲೇ ಅವನಿಗೆ ಫೋನ್ ಹಚ್ಚಿಸುತ್ತಿದ್ದಳು. ನಂಬರ್ ಒತ್ತುವುದು ನನ್ನ ಕೆಲಸ. ಸ್ಪೀಕರ್ ಹಾಕಬೇಕು, ಎದ್ದು ಹೋಗುವಂತಿಲ್ಲ. "ಕೈ ಹೆಂಗೈತಪ್ಪ?" ಎನ್ನುವಳು. "ಮುಷ್ಟಿ ಕಟ್ಟಾಕೆ ಆಗಲ್ಲಮ್ಮ," ಎನ್ನುವನು. ನಾಲ್ಕು ವರ್ಷ ಹೀಗೇ ನಡೆಯಿತು. ನಾನು ಹಲ್ಲು ಕಚ್ಚಿ ಕೂತು ಕೇಳಿದೆ. ಸಾಧು ಹೆಂಗಸಂತೆ.

ಈಗ ಚನ್ನಗಿರಿಯಿಂದಲೂ ಜನ ಹಳೆಯ ಗಾಡಿ ನೋಡಲು ನನ್ನನ್ನು ಕರೆಯುತ್ತಾರೆ. ಮೊದಲು ಇಂಜಿನ್ನು, ಆಮೇಲೆ ಸೀಟು ಮುಟ್ಟುತ್ತೇನೆ. ಕುತ್ತಿಗೆಯನ್ನು ಉಗುರಿನಿಂದ ಕೆರೆಯುತ್ತೇನೆ. ಯಾರು ಕೇಳಿದರೂ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಅತ್ತೆ ಹೋದ ಸುದ್ದಿ ತಿಳಿದು ಅವನು ನ್ಯಾಮತಿಯಿಂದ ಬಂದ. ಎಲ್ಲರೂ ಅವಳ ಗುಂಡಿಗೆ ಮೂರು ಹಿಡಿ ಮಣ್ಣು ಹಾಕುತ್ತಿದ್ದರು. ಅವನು ಎಡಗೈಯಲ್ಲಿ ಮಣ್ಣು ತೆಗೆದುಕೊಂಡಾಗ ಹಿರಿಯರೊಬ್ಬರು ತಡೆದರು. "ಎಡಗೈಲಿ ಹಾಕಬಾರ್ದು ಕಣಪ್ಪ, ಬಲಗೈಲಿ ಹಾಕು." ಅವನು ಬಲಗೈಗೆ ತೆಗೆದುಕೊಳ್ಳಲು ನೋಡಿದ. ಬೆರಳು ಮಡಚಲಿಲ್ಲ, ಮಣ್ಣು ಸೋರಿ ಅವನ ಕಾಲ ಮೇಲೆಯೇ ಬಿತ್ತು. ಯಾರೋ ಲೊಚಗುಟ್ಟಿದರು.

"ಆ ಕೈ ಹಂಗಾಗಿದ್ದು ನನ್ನ ಸುಳ್ಳಿಂದ," ಎಂದೆ. ಊರಿಗೆ ಊರೇ ಅಲ್ಲಿತ್ತು. "ಬೈಯೋದಿದ್ರೆ ನನಗೆ ಬೈರಿ. ಅವರು ಯಾವ ಕೈಲಾದ್ರೂ ಹಾಕ್ಲಿ."

ಹಿರಿಯರು ಪಕ್ಕಕ್ಕೆ ಸರಿದರು. ಅವನು ಮೊದಲ ಸಲ ನನ್ನ ಮುಖ ನೋಡಿದ. ಆಮೇಲೆ ಬಗ್ಗಿ, ಎಡಗೈಯಲ್ಲೇ ಮೂರೂ ಹಿಡಿ ಹಾಕಿದ.